ಪಾದರಸ ಲೋಹ, ಪೆನ್ಸಿಲ್ ಕಡ್ಡಿ ಅಲೋಹ: ಹೇಗೆ?

ಲೋಹ, ಅಲೋಹ, ಎರಡರ ನಡುವಿನ ಲೋಹಾಭಗಳ ಬಗ್ಗೆ ಏನೇ ಕೇಳುವುದಿದ್ದರೂ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಶಾಲೆ ಮಕ್ಕಳ ಜೊತೆ ದೊಡ್ಡವರೂ ಬರೆದಿದ್ದಾರೆ. ಬಹಳ ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಟೀಚರ್, ಲೋಹಗಳು ಗಟ್ಟಿ, ಹೊಳಪು ಇರುತ್ತೆ, ಬೇಗ ಕರಗಲ್ಲ, ವಿದ್ಯುತ್ ಹರಿಸುತ್ತವೆ ಅಂತ ಪಾಠದಲ್ಲಿ ಇದೆ. ಅದರ ಕೆಳಗೇ ‘ಆದರೆ’ಗಳ ಪಟ್ಟಿ: ಪಾದರಸ ದ್ರವ, ಸೋಡಿಯಂ ಮೆತ್ತಗೆ, ಅಯೋಡಿನ್ ಅಲೋಹವಾದರೂ ಹೊಳೆಯುತ್ತೆ, ಗ್ರಾಫೈಟ್ ಅಲೋಹವಾದರೂ ವಿದ್ಯುತ್ ಹರಿಸುತ್ತೆ. ಇಷ್ಟೊಂದು ‘ಆದರೆ’ ಇದ್ದರೆ ನಿಯಮ ಯಾಕೆ ಬೇಕು?
— 10ನೇ ತರಗತಿ ವಿದ್ಯಾರ್ಥಿನಿ, ಹಾವೇರಿ

ನಿನ್ನ ಸಿಟ್ಟಿಗೆ ಕಾರಣ ಇದೆ ಮಗೂ. ಆ ಪಟ್ಟಿಯಲ್ಲಿ ಇರುವುದೆಲ್ಲ ಹೊರಗೆ ಕಾಣುವ ಗುರುತುಗಳು. ಒಳಗಿನ ಕಾರಣವನ್ನು ಹಿಡಿದರೆ ‘ಆದರೆ’ಗಳು ತಾವಾಗಿಯೇ ಕರಗುತ್ತವೆ. ಕಾರಣ ಇಷ್ಟೇ: ಪರಮಾಣು ತನ್ನ ಹೊರಗವಚದ ಎಲೆಕ್ಟ್ರಾನುಗಳನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ?

ಲೋಹಗಳ ಹಿಡಿತ ಸಡಿಲ. ಜಾತ್ರೆಯಲ್ಲಿ ಅಪ್ಪ ಅಮ್ಮನ ಕೈಬಿಟ್ಟ ಮಕ್ಕಳ ಹಾಗೆ ಆ ಎಲೆಕ್ಟ್ರಾನುಗಳು ಲೋಹದ ತುಂಬ ಓಡಾಡಿಕೊಂಡಿರುತ್ತವೆ. ಯಾವ ಎಲೆಕ್ಟ್ರಾನ್ ಯಾವ ಪರಮಾಣುವಿನದು ಅಂತ ಇಲ್ಲ. ಹಾಗಾಗಿ ಬ್ಯಾಟರಿ ಜೋಡಿಸಿದ ತಕ್ಷಣ ಅವು ಒಂದು ಕಡೆಗೆ ಸಾಗುತ್ತವೆ. ಅದೇ ವಿದ್ಯುತ್. ಬೆಳಕು ಬಿದ್ದರೆ ಅದನ್ನು ಹಿಂದಕ್ಕೆ ಕಳಿಸುತ್ತವೆ. ಅದೇ ಹೊಳಪು. ಸುತ್ತಿಗೆಯಿಂದ ಬಡಿದರೆ ಪರಮಾಣುಗಳ ಪದರ ಪಕ್ಕಕ್ಕೆ ಜಾರುತ್ತದೆ, ಆದರೂ ಬಂಧ ಕಡಿಯುವುದಿಲ್ಲ. ಅದಕ್ಕೇ ತಗಡು ಬರುತ್ತದೆ, ತಂತಿ ಬರುತ್ತದೆ. ಒಂದು ಗ್ರಾಂ ಚಿನ್ನವನ್ನು ಸುಮಾರು 2 ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಗಂಧಕದ ಕಡ್ಡಿಯನ್ನು ಬಡಿದು ನೋಡು, ಪುಡಿಪುಡಿ. ಅಲ್ಲಿ ಪ್ರತಿ ಎಲೆಕ್ಟ್ರಾನಿಗೂ ಗೊತ್ತಾದ ಜಾಗ ಇದೆ. ಜರುಗಿಸಿದರೆ ಮುರಿಯುತ್ತದೆ.

ಈಗ ಸೋಡಿಯಂಗೆ ಬಾ. ಅದರ ಪ್ರತಿ ಪರಮಾಣು ಬಿಟ್ಟುಕೊಡುವುದು ಒಂದೇ ಎಲೆಕ್ಟ್ರಾನ್. ಓಡಾಟಕ್ಕೆ ಅದು ಧಾರಾಳವಾಗಿ ಸಾಕು, ಗಟ್ಟಿ ಬಂಧಕ್ಕೆ ಸಾಲದು. ಹಾಗಾಗಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಆದರೆ 98 ಡಿಗ್ರಿಗೇ ಕರಗುತ್ತದೆ. ನೀರು ಕುದಿಯುವುದು 100ಕ್ಕೆ ಅಲ್ವಾ? ಅದಕ್ಕೂ ಮೊದಲೇ! ಚಾಕುವಿನಿಂದ ಕತ್ತರಿಸಿದರೆ ಕತ್ತರಿಸಿದ ಮುಖ ಬೆಳ್ಳಿ ಬಣ್ಣಕ್ಕೆ ಹೊಳೆಯುತ್ತದೆ. ನೋಡನೋಡುತ್ತಲೇ ಗಾಳಿ ತಾಗಿ ಮಂಕಾಗುತ್ತದೆ. ಅದೇ ಟಂಗ್‌ಸ್ಟನ್ ಬಂಧಕ್ಕೆ ಜಾಸ್ತಿ ಎಲೆಕ್ಟ್ರಾನ್ ಒದಗಿಸುತ್ತದೆ, ಕರಗಬೇಕಾದರೆ 3422 ಡಿಗ್ರಿ ಬೇಕು. ಪಾದರಸ ಮೈನಸ್ 39 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಗ್ಯಾಲಿಯಂ ಸುಮಾರು 30ಕ್ಕೆ, ಅಂದರೆ ಅಂಗೈ ಮೇಲೆ. ಎಲ್ಲವೂ ಲೋಹಗಳೇ. ಕರಗುವ ಬಿಂದು ಬಂಧದ ಬಲವನ್ನು ಹೇಳುತ್ತದೆ. ಎಲೆಕ್ಟ್ರಾನ್ ಓಡಾಡುತ್ತದೋ ಇಲ್ಲವೋ ಎನ್ನುವುದನ್ನು ಬೇರೆಯಾಗಿಯೇ ಕೇಳಬೇಕು.

ಪೆನ್ಸಿಲ್ ಕಡ್ಡಿಯ ಗ್ರಾಫೈಟಿನದೂ ಇದೇ ಲೆಕ್ಕ. ಗ್ರಾಫೈಟ್, ವಜ್ರ ಎರಡೂ ಇಂಗಾಲವೇ. ಇಂಗಾಲಕ್ಕೆ ಹೊರಗವಚದಲ್ಲಿ ನಾಲ್ಕು ಎಲೆಕ್ಟ್ರಾನ್. ವಜ್ರದಲ್ಲಿ ನಾಲ್ಕೂ ಬಂಧಕ್ಕೆ ಸಿಕ್ಕಿಕೊಂಡಿವೆ, ಹಾಗಾಗಿ ವಿದ್ಯುತ್ ಹರಿಯುವುದಿಲ್ಲ. ಗ್ರಾಫೈಟಿನಲ್ಲಿ ಮೂರು ಸಿಕ್ಕಿಕೊಂಡಿವೆ, ನಾಲ್ಕನೆಯದು ಪದರದ ಒಳಗೆ ಓಡಾಡಿಕೊಂಡಿದೆ. (ವಜ್ರ ವಿದ್ಯುತ್ ಹರಿಸದಿದ್ದರೂ ಶಾಖವನ್ನು ತಾಮ್ರಕ್ಕಿಂತ ನಾಲ್ಕೈದು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಅಲ್ಲಿ ಶಾಖ ಒಯ್ಯುವುದು ಪರಮಾಣುಗಳ ಕಂಪನ.)

ಇದನ್ನು ಕಣ್ಣಾರೆ ನೋಡು. ಪೆನ್ಸಿಲಿನ ಎರಡೂ ತುದಿ ಚೂಪು ಮಾಡು. ರಿಮೋಟಿಗೆ ಹಾಕುವ ಎರಡು ಸೆಲ್, ಒಂದು ಕೆಂಪು ಎಲ್‌ಇಡಿ, ಎರಡು ತುಂಡು ವೈರ್ ತಗೋ. ಸೆಲ್ಲಿನಿಂದ ಪೆನ್ಸಿಲ್, ಪೆನ್ಸಿಲಿನಿಂದ ಎಲ್‌ಇಡಿ, ಅಲ್ಲಿಂದ ವಾಪಸ್ ಸೆಲ್ಲಿಗೆ. ಹತ್ತಲಿಲ್ಲವಾದರೆ ಎಲ್‌ಇಡಿಯ ಕಾಲು ತಿರುಗಿಸಿ ಜೋಡಿಸು. ಆಮೇಲೆ 2ಎಚ್ ಪೆನ್ಸಿಲ್ ಮತ್ತು 4ಬಿ ಪೆನ್ಸಿಲ್ ಎರಡನ್ನೂ ಹಾಕಿ ಬೆಳಕನ್ನು ಹೋಲಿಸು. ಎಚ್ ಕಡ್ಡಿಯಲ್ಲಿ ಜೇಡಿಮಣ್ಣು ಜಾಸ್ತಿ, ಬಿ ಕಡ್ಡಿಯಲ್ಲಿ ಗ್ರಾಫೈಟ್ ಜಾಸ್ತಿ. ಮನೆಯ ಪ್ಲಗ್ ಪಾಯಿಂಟಿನ ಹತ್ತಿರ ಮಾತ್ರ ಈ ಆಟ ಬೇಡವೇ ಬೇಡ.

ಇನ್ನೂ ಅನುಮಾನ ಉಳಿದರೆ ಲಿಟ್ಮಸ್ ಕೇಳು. ಮೆಗ್ನೀಸಿಯಂ ಪಟ್ಟಿ ಉರಿಸಿ ಬಿಳಿ ಬೂದಿಯನ್ನು ನೀರಿಗೆ ಹಾಕಿದರೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಗಂಧಕ ಉರಿಸಿದ ಹೊಗೆಯನ್ನು ನೀರಿಗೆ ಸೇರಿಸಿದರೆ ನೀಲಿ ಲಿಟ್ಮಸ್ ಕೆಂಪಾಗುತ್ತದೆ. ಲೋಹದ ಆಕ್ಸೈಡ್ ಸಾಮಾನ್ಯವಾಗಿ ಪ್ರತ್ಯಾಮ್ಲ, ಅಲೋಹದ್ದು ಸಾಮಾನ್ಯವಾಗಿ ಆಮ್ಲ. ಅಲ್ಯೂಮಿನಿಯಂ ಮತ್ತು ಸತುವಿನ ಆಕ್ಸೈಡ್‌ಗಳು ಆಮ್ಲದ ಜೊತೆಗೂ ಪ್ರತ್ಯಾಮ್ಲದ ಜೊತೆಗೂ ವರ್ತಿಸುತ್ತವೆ. ಪರೀಕ್ಷೆಗೆ ಇದು ಬಂದೇ ಬರುತ್ತದೆ, ನೆನಪಿಡು. ಗಂಧಕ ಉರಿಸುವುದು ಶಾಲೆಯಲ್ಲಿ, ಟೀಚರ್ ಮುಂದೆ ಮಾತ್ರ.

ದೇವಸ್ಥಾನದ ಗಂಟೆ, ಜಾಗಟೆ ಎಲ್ಲ ಕಂಚಿನದ್ದೇ ಯಾಕೆ? ಕಬ್ಬಿಣ ಅಗ್ಗ ಅಲ್ವಾ?
— 8ನೇ ತರಗತಿ ವಿದ್ಯಾರ್ಥಿ, ನಾಗಮಂಗಲ

ಅರಸೀಕೆರೆಯಲ್ಲಿ ನಮ್ಮ ತಂದೆಯವರದು ಪಾತ್ರೆ ಅಂಗಡಿ. ಗಿರಾಕಿಗಳು ಪಾತ್ರೆಯನ್ನು ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು, ಆಮೇಲೆ ರೇಟು ಕೇಳುತ್ತಿದ್ದರು. ‘ಟಣ್’ ಎಂದು ಶುರುವಾಗಿ ಸದ್ದು ಎಳೆದುಕೊಂಡು ಹೋದರೆ ಒಳ್ಳೆಯ ಕಂಚು. ಕಣ್ಣಿಗೆ ಕಾಣದ ಬಿರುಕು ಇದ್ದರೂ ಸದ್ದು ‘ದಬ್’ ಎಂದು ಸತ್ತುಬಿಡುತ್ತದೆ.

ಗಂಟೆಯ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತಾಮ್ರವೂ ಮೆತ್ತಗೆ, ತವರವೂ ಮೆತ್ತಗೆ. ಎರಡೂ ಸೇರಿದರೆ ಗಡಸು! ಅಳತೆ ಬೇರೆಯಾದ ಪರಮಾಣುಗಳು ನಡುವೆ ಸಿಕ್ಕಿಕೊಂಡಿರುವುದರಿಂದ ಪದರಗಳು ಸುಲಭವಾಗಿ ಜಾರಲಾರವು. ಪೆಟ್ಟಿನ ಶಕ್ತಿ ಜಾರಾಟದಲ್ಲಿ ಪೋಲಾಗದೆ ಕಂಪನವಾಗಿಯೇ ಉಳಿಯುತ್ತದೆ, ಸದ್ದು ಎಳೆದುಕೊಂಡು ಹೋಗುತ್ತದೆ. ಸೀಸದಲ್ಲಿ ಪದರ ಸಲೀಸಾಗಿ ಜಾರುತ್ತದೆ, ಹಾಗಾಗಿ ಸೀಸ ಲೋಹವಾದರೂ ನಾದ ಇಲ್ಲ.

ಇನ್ನು ಕಬ್ಬಿಣ. ಎರಕದ ಕಬ್ಬಿಣದ ಒಳಗೆ ಗ್ರಾಫೈಟಿನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಅವು ಕಂಪನವನ್ನು ನುಂಗಿಬಿಡುತ್ತವೆ. ದೊಡ್ಡ ಯಂತ್ರಗಳ ಅಡಿಪಟ್ಟಿಯನ್ನು ಎರಕದ ಕಬ್ಬಿಣದಲ್ಲಿ ಮಾಡುವುದು ಇದೇ ಕಾರಣಕ್ಕೆ, ಅದುರಬಾರದು ಎಂದು. ಜೊತೆಗೆ ಮಳೆಗೆ ತುಕ್ಕು ಹಿಡಿಯುತ್ತದೆ. ಕಂಚಿನ ಗಂಟೆಯನ್ನು ಮಾತ್ರ ಕೈತಪ್ಪಿ ಬೀಳಿಸಬೇಡಿ. ಗಡಸಾದಷ್ಟೂ ಅದು ಬಿರುಕು ಬಿಡುವುದು ಸುಲಭ.

ಮೇಡಂ, ಅತ್ತೆಯವರ ಕಾಲದ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಮತ್ತೆ ಬಳಸಬೇಕು ಅಂತ ಆಸೆ. ಕಲಾಯಿ ಹಾಕಿಸಲೇಬೇಕಾ? ಹುಣಸೆಹಣ್ಣು ಹಾಕಿ ಉಜ್ಜಿದರೆ ಸಾಲದಾ?
— ಗೃಹಿಣಿ, ಶಿರಸಿ

ಅಡುಗೆಗಾದರೆ ಹಾಕಿಸಲೇಬೇಕಮ್ಮ. ತಾಮ್ರ ಸಾರರಿಕ್ತ (ನೀರು ಬೆರೆಸಿದ) ಆಮ್ಲದಿಂದ ಹೈಡ್ರೋಜನ್ ಬಿಡಿಸಲಾರದು. ಮಕ್ಕಳ ಪುಸ್ತಕದಲ್ಲಿ ಇದನ್ನೇ ‘ತಾಮ್ರ ಸಾರರಿಕ್ತ ಆಮ್ಲದೊಂದಿಗೆ ವರ್ತಿಸುವುದಿಲ್ಲ’ ಎಂದು ಓದಿರುತ್ತೀರಿ. ಆದರೆ ಅಡುಗೆಮನೆಯಲ್ಲಿ ಗಾಳಿ ಇದೆ. ಗಾಳಿಯ ಆಮ್ಲಜನಕ ತಾಮ್ರವನ್ನು ನಿಧಾನಕ್ಕೆ ಆಕ್ಸೈಡ್ ಮಾಡುತ್ತದೆ. ಹುಳಿ ಆ ಆಕ್ಸೈಡನ್ನು ಕರಗಿಸಿ ಸಾರಿನೊಳಗೆ ಇಳಿಸುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದಾಗ ಪಾತ್ರೆ ಫಳಫಳ ಅನ್ನುವುದೂ ಇದೇ ಕೆಲಸದಿಂದ. ಪಾತ್ರೆಯ ಹೊರಗೆ ಒಳ್ಳೆಯದು. ಹೊಟ್ಟೆಯೊಳಗೆ ವಾಂತಿ, ಹೊಟ್ಟೆನೋವು. ತಾಮ್ರದ ಚೊಂಬಿನಲ್ಲಿ ನೀರಿಡಿ, ಪರವಾಗಿಲ್ಲ. ನಿಂಬೆ ಶರಬತ್ತು, ಮಜ್ಜಿಗೆ ಬೇಡ. ಹಸಿರು ಕಿಲುಬು ಕಂಡರೆ ಅದರಲ್ಲಿ ಏನನ್ನೂ ತಿನ್ನಬೇಡಿ.

ಕಲಾಯಿ ಹಾಕುವುದನ್ನು ಮಕ್ಕಳಿಗೆ ತೋರಿಸಿ, ದಯವಿಟ್ಟು. ಒಂದು ಇಡೀ ರಸಾಯನ ಪಾಠ ಅಲ್ಲಿದೆ. ಕಲಾಯಿಯವರು ಪಾತ್ರೆಯ ಒಳಮೈಯನ್ನು ಉಜ್ಜಿ ಕೆಂಡದ ಮೇಲಿಟ್ಟು ಕಾಯಿಸುತ್ತಾರೆ. ನವಸಾಗರದ ಪುಡಿ ಎರಚುತ್ತಾರೆ, ಬಿಳಿ ಹೊಗೆ ಏಳುತ್ತದೆ, ಮೂಗಿಗೆ ಘಾಟು. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು ತಾಮ್ರದ ಮೇಲಿನ ಆಕ್ಸೈಡನ್ನು ಕಿತ್ತುಹಾಕುತ್ತದೆ. ಆಗ ತವರದ ಕಡ್ಡಿಯನ್ನು ಮುಟ್ಟಿಸುತ್ತಾರೆ. ತವರ 232 ಡಿಗ್ರಿಗೆ ಕರಗುತ್ತದೆ. ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಕೆಂಪು ಪಾತ್ರೆಯ ಒಳಗೆಲ್ಲ ಬೆಳ್ಳಗೆ ಹರಡುತ್ತದೆ. ಆಕ್ಸೈಡ್ ಒಂದು ಚೂರು ಉಳಿದ ಕಡೆ ತವರ ಅಂಟುವುದಿಲ್ಲ, ಆ ಜಾಗ ಕೆಂಪಾಗಿಯೇ ನಿಲ್ಲುತ್ತದೆ.

ಎರಡು ಮಾತು ಮರೆಯಬೇಡಿ. ಸೀಸ ಬೆರೆಸದ ಶುದ್ಧ ತವರವೇ ಬೇಕು ಎಂದು ಕೇಳಿ ಹಾಕಿಸಿ, ಸೀಸ ವಿಷ. ಮತ್ತೆ, ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬೇಡಿ. ಒಳಗೆ ನೀರೋ ಸಾರೋ ಇದ್ದರೆ ಪಾತ್ರೆ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಬರಿದಾದರೆ 232 ದಾಟುವುದು ಎಷ್ಟು ಹೊತ್ತು?

ಲೋಹಾಭಗಳು ಎಷ್ಟು? ಒಂದು ಗೈಡಿನಲ್ಲಿ 6, ಇನ್ನೊಂದರಲ್ಲಿ 7, ಅಣ್ಣ 8 ಅಂತಾನೆ. ಯಾವುದು ಸರಿ?
— 9ನೇ ತರಗತಿ ವಿದ್ಯಾರ್ಥಿ, ಕೊಪ್ಪಳ

ಬೋರಾನ್, ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್, ಆಂಟಿಮನಿ, ಟೆಲುರಿಯಂ. ಈ ಆರರ ಬಗ್ಗೆ ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ. ಪೊಲೋನಿಯಂ, ಅಸ್ಟಾಟಿನ್, ಸೆಲೆನಿಯಂಗಳನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ನಿನ್ನ ಪರೀಕ್ಷೆಗೆ ನಿನ್ನ ಪುಸ್ತಕದ ಪಟ್ಟಿ ಬರಿ. ಆದರೆ ಈ ಜಗಳ ನನಗೆ ಬಹಳ ಇಷ್ಟ. ಆವರ್ತ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಎಲೆಕ್ಟ್ರಾನ್ ಮೇಲಿನ ಹಿಡಿತ ಬಿಗಿಯಾಗುತ್ತಾ ಹೋಗುತ್ತದೆ, ಮೇಲಿಂದ ಕೆಳಗೆ ಬಂದಂತೆ ಸಡಿಲವಾಗುತ್ತದೆ. ಎರಡೂ ಸಮ ಬೀಳುವ ಕಡೆ ಓರೆಯಾಗಿ ಒಂದು ಮೆಟ್ಟಿಲು ಗೆರೆ ಬರುತ್ತದೆ. ಅದರ ಅಕ್ಕಪಕ್ಕದವು ಲೋಹಾಭಗಳು. ಹಿಡಿತ ಒಂದೇ ಸಲ ಬದಲಾಗದೆ ಸ್ವಲ್ಪ ಸ್ವಲ್ಪವೇ ಬದಲಾಗುವಾಗ, ಎಲ್ಲಿ ಗೆರೆ ಎಳೆದರೂ ಒಬ್ಬರು ತಕರಾರು ತೆಗೆದೇ ತೆಗೆಯುತ್ತಾರೆ.

ಸಿಲಿಕಾನ್ ತುಂಡನ್ನು ಕೈಯಲ್ಲಿ ಹಿಡಿದರೆ ಲೋಹ ಎಂದೇ ಅನಿಸುತ್ತದೆ. ನೀಲಿ ಮಿಶ್ರಿತ ಬೂದು ಬಣ್ಣ, ಒಳ್ಳೆ ಹೊಳಪು. ಸುತ್ತಿಗೆಯಿಂದ ಬಡಿದರೆ ತಗಡಾಗದೆ ಚೂರುಚೂರಾಗುತ್ತದೆ. ಇನ್ನೂ ಮುಖ್ಯ ವ್ಯತ್ಯಾಸ ಬಿಸಿ ಮಾಡಿದಾಗ ಗೊತ್ತಾಗುತ್ತದೆ. ತಾಮ್ರ ಬಿಸಿಯಾದರೆ ಪರಮಾಣುಗಳು ಜಾಸ್ತಿ ಅಲುಗಾಡಿ ಎಲೆಕ್ಟ್ರಾನಿನ ದಾರಿಗೆ ಅಡ್ಡ ಬರುತ್ತವೆ, ವಿದ್ಯುತ್ ಹರಿಯುವುದು ಕಡಿಮೆಯಾಗುತ್ತದೆ. ಸಿಲಿಕಾನ್ ಬಿಸಿಯಾದರೆ ಸಿಕ್ಕಿಕೊಂಡಿದ್ದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಹೊರಬರುತ್ತವೆ, ವಿದ್ಯುತ್ ಹರಿಯುವುದು ಹೆಚ್ಚಾಗುತ್ತದೆ. ಅದು ಅರೆವಾಹಕ.

ಅದಕ್ಕೆ ಬೇರೆ ಧಾತುವನ್ನು ಲೆಕ್ಕ ಹಾಕಿ ಬೆರೆಸಬಹುದು. ಸಿಲಿಕಾನಿಗೆ ಹೊರಗವಚದಲ್ಲಿ ನಾಲ್ಕು ಎಲೆಕ್ಟ್ರಾನ್, ರಂಜಕಕ್ಕೆ ಐದು, ಬೋರಾನಿಗೆ ಮೂರು. ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳ ನಡುವೆ ಒಂದೇ ಒಂದು ರಂಜಕ ಕೂರಿಸಿದರೂ ಸಾಕು, ವಿದ್ಯುತ್ ಹರಿಯುವುದು ಲಕ್ಷಾಂತರ ಪಟ್ಟು ಹೆಚ್ಚುತ್ತದೆ. ರಂಜಕ ಬೆರೆಸಿದ ಪದರಕ್ಕೆ ಬೋರಾನ್ ಬೆರೆಸಿದ ಪದರ ಅಂಟಿಸಿದರೆ ಸೌರಕೋಶ. ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆಯಲ್ಲ, ಅಲ್ಲಿ ಬಿಸಿಲನ್ನು ವಿದ್ಯುತ್ತಾಗಿಸುತ್ತಿರುವುದು ಇಂಥ ಪದರಗಳೇ. ಸಿಲಿಕಾನ್ ಸಿಗುವುದು ಎಲ್ಲಿಂದ? ಬೆಣಚುಕಲ್ಲಿನಿಂದ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ನೂರಕ್ಕೆ 28 ಪಾಲು ಇದೇ. ಬೋರಾನಿನ ಪರಿಚಯವೂ ನಮ್ಮವರಿಗೆ ಇದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ ಬೋರಾನಿನ ಲವಣ.

ಜರ್ಮೇನಿಯಂ ಕಥೆ ಹೇಳದೆ ಮುಂದೆ ಹೋಗಲಾರೆ. 1871ರಲ್ಲಿ ರಷ್ಯಾದ ವಿಜ್ಞಾನಿ ಮೆಂಡಲೀವ್ ತಮ್ಮ ಆವರ್ತ ಕೋಷ್ಟಕದಲ್ಲಿ ಸಿಲಿಕಾನಿನ ಕೆಳಗೆ ಒಂದು ಮನೆಯನ್ನು ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದ ಧಾತುವಿನ ಗುಣಗಳನ್ನು ಮುಂಚೆಯೇ ಬರೆದಿಟ್ಟರು. ಪರಮಾಣು ತೂಕ 72, ಸಾಂದ್ರತೆ 5.5, ಬೂದು ಬಣ್ಣ. 1886ರಲ್ಲಿ ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ ಒಂದು ಬೆಳ್ಳಿ ಅದಿರಿನಲ್ಲಿ ಅದನ್ನು ಕಂಡುಹಿಡಿದರು. ಇವತ್ತಿನ ಅಳತೆಯಲ್ಲಿ ತೂಕ 72.63, ಸಾಂದ್ರತೆ 5.32, ಬಣ್ಣ ಬೂದು. ಯಾರೂ ನೋಡದ ಧಾತುವಿನ ಬಗ್ಗೆ 15 ವರ್ಷ ಮೊದಲೇ! 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಟೈನ್ ಮಾಡಿದ ಮೊದಲ ಟ್ರಾನ್ಸಿಸ್ಟರ್ ಇದೇ ಜರ್ಮೇನಿಯಂನದು. ಇಂಥ ಧಾತುವನ್ನು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ.

ತಾಮ್ರವೇ ಒಳ್ಳೆಯ ವಾಹಕ ಅಂತ ಕಲಿತೆವು. ಹಾಗಾದರೆ ಕಂಬದ ಮೇಲೆ ಅಲ್ಯೂಮಿನಿಯಂ ತಂತಿ ಯಾಕೆ?
— ಐಟಿಐ ವಿದ್ಯಾರ್ಥಿ, ಹುಬ್ಬಳ್ಳಿ

ತಾಮ್ರಕ್ಕಿಂತ ಒಳ್ಳೆಯ ವಾಹಕ ಬೆಳ್ಳಿ, ಅದು ಮೊದಲು ತಿಳಿದಿರಲಿ. ಇನ್ನು ಕಂಬದ ವಿಷಯ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ನೂರಕ್ಕೆ 61ರಷ್ಟು. ಸಾಂದ್ರತೆ ತಾಮ್ರಕ್ಕೆ 8.96, ಅಲ್ಯೂಮಿನಿಯಂಗೆ 2.7. ಅಷ್ಟೇ ವಿದ್ಯುತ್ ಹರಿಸಲು ಅಲ್ಯೂಮಿನಿಯಂ ತಂತಿಯನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಆದರೂ ತೂಕ ತಾಮ್ರದ ಅರ್ಧವೇ. ಕಂಬದ ಮೇಲಿನ ಭಾರ ಅರ್ಧ, ಖರ್ಚೂ ಕಡಿಮೆ. ಅಲ್ಯೂಮಿನಿಯಂ ಎಳೆತಕ್ಕೆ ಗಟ್ಟಿಯಿಲ್ಲ ಎನ್ನುವುದು ಒಂದೇ ಕೊರತೆ. ಅದಕ್ಕೆ ಉಕ್ಕಿನ ಸಹಾಯ ತಗೊಂಡಿದ್ದಾರೆ. ಲೈನ್ ಕೆಲಸದಲ್ಲಿ ಉಳಿದ ತುಂಡು ಸಿಕ್ಕರೆ ಕೊನೆಯನ್ನು ನೋಡಪ್ಪ: ನಡುವೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಂ ಎಳೆ ಹೆಣೆದಿರುತ್ತದೆ. ದೊಡ್ಡ ಲೈನುಗಳಲ್ಲಿ ಎಳೆಗಳು ಇನ್ನೂ ಜಾಸ್ತಿ. ಅಯಸ್ಕಾಂತ ಹಿಡಿದರೆ ನಡುವಿನದು ಮಾತ್ರ ಅಂಟುತ್ತದೆ.

ಮನೆಯೊಳಗೆ ಮಾತ್ರ ತಾಮ್ರವೇ ಇರಲಿ. ಅಲ್ಯೂಮಿನಿಯಂ ಮೇಲೆ ಗಾಳಿಗೆ ಕ್ಷಣದಲ್ಲೇ ಆಕ್ಸೈಡ್ ಪೊರೆ ಬರುತ್ತದೆ. ಅದು ಲೋಹವನ್ನು ಕಾಪಾಡುತ್ತದೆ, ಆದರೆ ವಿದ್ಯುತ್ ಹರಿಸುವುದಿಲ್ಲ. ಸ್ವಿಚ್ಚಿನ ಸ್ಕ್ರೂ ಕೆಳಗೆ ಅಲ್ಯೂಮಿನಿಯಂ ಒತ್ತಿ ಒತ್ತಿ ತೆಳುವಾಗಿ ಜಾಯಿಂಟ್ ಸಡಿಲವಾಗುತ್ತದೆ, ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದರು. ಚಿನ್ನದ ಗಣಿಯ ಯಂತ್ರಗಳು ನಡೆದದ್ದು ಅಷ್ಟು ದೂರದಿಂದ ಲೋಹದ ತಂತಿಯಲ್ಲಿ ಬಂದ ವಿದ್ಯುತ್ತಿನಿಂದ.

ಹಟ್ಟಿಯಲ್ಲಿ ಚಿನ್ನ ಚಿನ್ನವಾಗಿಯೇ ಸಿಗುತ್ತದೆ, ಸಂಡೂರಿನಲ್ಲಿ ಕಬ್ಬಿಣ ಮಾತ್ರ ಕೆಂಪು ಮಣ್ಣಾಗಿ ಸಿಗುತ್ತದೆ. ಯಾಕೆ?
— ಪ್ರೌಢಶಾಲೆ ವಿದ್ಯಾರ್ಥಿನಿ, ಸಿಂಧನೂರು

ಚಿನ್ನ ಎಲೆಕ್ಟ್ರಾನ್ ಬಿಟ್ಟುಕೊಡಲು ಒಪ್ಪದ ಲೋಹ ತಂಗಿ. ಆಮ್ಲಜನಕ ಕೇಳಿದರೂ ಕೊಡುವುದಿಲ್ಲ. ಹಾಗಾಗಿ ಕೋಟ್ಯಂತರ ವರ್ಷ ಬಂಡೆಯೊಳಗಿದ್ದರೂ ಚಿನ್ನವಾಗಿಯೇ ಇದೆ. ಆದರೆ ಎಷ್ಟು ಚದುರಿಹೋಗಿದೆ ಅಂದರೆ ಒಂದು ಟನ್ ಬಂಡೆ ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಕಬ್ಬಿಣ ಸುಲಭವಾಗಿ ಕೊಟ್ಟುಬಿಡುತ್ತದೆ, ಆಕ್ಸೈಡ್ ಆಗಿ ಕೂತಿರುತ್ತದೆ. ಕುಲುಮೆಯಲ್ಲಿ ಇಂಗಾಲದ ಜೊತೆ ಕಾಯಿಸಿದರೆ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಆಮ್ಲಜನಕವನ್ನು ಇಂಗಾಲಕ್ಕೂ ಬಿಟ್ಟುಕೊಡದಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ. ಅದಕ್ಕೆ ವಿದ್ಯುತ್ತೇ ಬೇಕು. ಆ ವಿಧಾನ ಸಿಕ್ಕಿದ್ದು 1886ರಲ್ಲಿ, ಜರ್ಮೇನಿಯಂ ಸಿಕ್ಕ ವರ್ಷವೇ. ಅಲ್ಲಿಯವರೆಗೆ ಅಲ್ಯೂಮಿನಿಯಂ ದುಬಾರಿ ಲೋಹವಾಗಿತ್ತು.

ಸ್ಟೀಲ್ ತಟ್ಟೆಗೆ ಅಯಸ್ಕಾಂತ ಅಂಟಲಿಲ್ಲ. ಮೋಸ ಹೋದೆವಾ?
— ಓದುಗರು, ದಾವಣಗೆರೆ

ಹಾಗೇನೂ ಇಲ್ಲ. ಕ್ರೋಮಿಯಂ, ನಿಕ್ಕಲ್ ಎರಡೂ ಇರುವ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಅಂಟಿತು ಎಂದರೆ ಕಳಪೆ ಅಂತಲೂ ಅಲ್ಲ, ಇಂಡಕ್ಷನ್ ಒಲೆಗೆ ಅಂಟುವ ತಳವೇ ಬೇಕು. ಅಯಸ್ಕಾಂತದಿಂದ ಗುಣಮಟ್ಟ ಅಳೆಯಲಾಗದು.

ಮನೆಯಲ್ಲಿ ಹಳೆಯ ಥರ್ಮಾಮೀಟರ್ ಒಡೆಯಿತು. ಪಾದರಸದ ಗುಂಡುಗಳನ್ನು ಮಗ ಕೈಯಲ್ಲಿ ಆಡಿಸುತ್ತಿದ್ದ. ತೊಂದರೆಯಾ?
— ಓದುಗರು, ಮೈಸೂರು

ಮೊದಲು ಮಗನ ಕೈ ಸೋಪು ಹಾಕಿ ತೊಳೆಸಿ. ಮುಟ್ಟಿದ್ದಕ್ಕಿಂತ ಅದರ ಆವಿ ಉಸಿರಾಡುವುದು ಹೆಚ್ಚು ಅಪಾಯ. ಪಾದರಸ ಕೋಣೆಯ ಬಿಸಿಗೇ ನಿಧಾನಕ್ಕೆ ಆವಿಯಾಗುತ್ತದೆ, ಆ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮತ್ತೆ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಕೈಯಲ್ಲಿರುವ ಉಂಗುರ, ಬಳೆ ತೆಗೆದಿಡಿ. ಪಾದರಸ ಚಿನ್ನದೊಳಗೆ ಇಳಿದು ಅದನ್ನು ಬೆಳ್ಳಗೆ ಮಾಡಿಬಿಡುತ್ತದೆ. ಪೊರಕೆ ಹಾಕಬೇಡಿ, ಗುಂಡುಗಳು ಇನ್ನೂ ಚಿಕ್ಕದಾಗಿ ಚದುರುತ್ತವೆ. ಎರಡು ಗಟ್ಟಿ ಕಾಗದದಿಂದ ಒಂದು ಕಡೆ ಸೇರಿಸಿ, ಉಳಿದ ಚೂರುಗಳನ್ನು ಟೇಪಿಗೆ ಅಂಟಿಸಿ ತೆಗೆಯಿರಿ. ಗಂಧಕದ ಪುಡಿ ಸಿಕ್ಕರೆ ಬಿರುಕುಗಳಿಗೆ ಉದುರಿಸಿ, ಪಾದರಸ ಅದರ ಜೊತೆ ಸೇರಿ ಆವಿಯಾಗದ ಸಲ್ಫೈಡ್ ಆಗುತ್ತದೆ. ಎಲ್ಲವನ್ನೂ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ಮೇಲೆ ‘ಪಾದರಸ’ ಎಂದು ಬರೆದು, ಅಪಾಯಕಾರಿ ಕಸ ತಗೊಳ್ಳುವವರ ಕೈಗೇ ಕೊಡಿ. ಸಿಂಕಿಗೆ, ಚರಂಡಿಗೆ ಸುರಿಯಬೇಡಿ.